ಕೊಟ್ಟಿಗೆ ತೊಲೆಯ ದುಂಬಿ ಲೇಖನದಲ್ಲಿ ಯಾಕಿಲ್ಲ?

ಪ್ರಿಯ ಮಿತ್ರರೆ,

ನಿಮ್ಮ ‘ಕಲೆಯಲ್ಲಿ ಕೀಟಲೋಕ’ ತಲುಪಿತು. ಲೇಖನ ಹನ್ನೊಂದು ಪುಟ, ಜೊತೆಗಿದ್ದ ಪತ್ರ ಆರೇ ಸಾಲು. ಆ ಪತ್ರದಲ್ಲಿ ನೀವು ಹೀಗೆ ಬರೆದಿದ್ದೀರಿ: “ತಡ ಆಯ್ತು ಸಾರ್, ಕ್ಷಮಿಸಿ. ಕೊಟ್ಟಿಗೆ ತೊಲೆಯನ್ನು ಕರಿ ದುಂಬಿಗಳು ಕೊರೆದು ಜರಡಿ ಮಾಡಿಟ್ಟಿದ್ದವು, ಅಪ್ಪಯ್ಯನ ಜೊತೆ ಅದನ್ನು ಇಳಿಸುವ ಕೆಲಸ ಇತ್ತು.”

ಅದನ್ನು ಓದಿ ನನಗೆ ಖುಷಿಯಾಯಿತು. ತೀರ್ಥಹಳ್ಳಿ ಕಡೆಯವರು, ಹುಳಗಳ ಬಗ್ಗೆ ಬರೆದಿದ್ದಾರೆ, ಮನೆಯಲ್ಲೇ ದುಂಬಿ ಇದೆ, ಇನ್ನೇನು ಬೇಕು ಅಂದುಕೊಂಡೆ. ಕೈಯಲ್ಲಿದ್ದ ಕಾಫಿ ಬದಿಗಿಟ್ಟು ಲೇಖನ ಹಿಡಿದೆ. ಹನ್ನೊಂದು ಪುಟದಲ್ಲಿ ಎಲ್ಲೂ ಆ ತೊಲೆ ಇಲ್ಲ, ಆ ದುಂಬಿ ಇಲ್ಲ, ಅಪ್ಪಯ್ಯ ಇಲ್ಲ. ಅವರ ಜಾಗದಲ್ಲಿ ‘ಕೀಟ’ ಬಂದು ಕೂತಿದೆ. ಪೆನ್ಸಿಲ್ ಹಿಡಿದು ಎಣಿಸಿದೆ, ನಲವತ್ಮೂರು ಸಲ. ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ಲೇಖನ ಕೆಟ್ಟದಾಗಿದ್ದರೆ ಸುಮ್ನೆ ವಾಪಸ್ ಕಳಿಸುತ್ತಿದ್ದೆ. ಇಷ್ಟುದ್ದ ಬರೆಯುತ್ತಿರುವುದು ಆ ಒಂದು ಸಾಲಿನ ದೆಸೆಯಿಂದ.

ಫೋನಿನಲ್ಲಿ ನೀವು ಒಪ್ಪಿದ ಮೇಲೆ, ನಿಮ್ಮ ಹೆಸರು ಬಿಟ್ಟು, ಎಲ್ಲರೂ ಓದುವ ಹಾಗೆ ಇದನ್ನು ಹಾಕುತ್ತಿದ್ದೇನೆ. ಇದೇ ತಪ್ಪು ಬೇರೆಯವರ ಬರಹದಲ್ಲೂ ತಿಂಗಳು ತಿಂಗಳೂ ಬರುತ್ತದೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ನೀವು ಓದಿದ್ದೀರಿ, ಅದು ಕಾಣುತ್ತದೆ. ಪಂಪನಿಂದ ಹಿಡಿದು 2012ರ ‘ಈಗ’ ಸಿನಿಮಾದವರೆಗೆ ಬಂದಿದ್ದೀರಿ. ಒಂದು ಮಾತೂ ಆಡದ ನೊಣ ನಮ್ಮ ಶಿವಮೊಗ್ಗದ ಸುದೀಪ್ ಅವರನ್ನು ಹೈರಾಣ ಮಾಡುವ ಪ್ಯಾರಾ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ಈಜಿಪ್ಟಿನ ಸಗಣಿ ಹುಳ, ಜಪಾನಿನ ಸಿನಿಮಾಗಳು, ಒಡವೆಗಳಲ್ಲಿನ ಚಿಟ್ಟೆ, ಇವುಗಳ ಬಗ್ಗೆ ಇವತ್ತು ಏನೂ ಹೇಳುವುದಿಲ್ಲ. ನನ್ನನ್ನು ಕಾಡಿದ್ದು ಎರಡೇ ಜಾಗ, ನಾಲ್ಕನೇ ಪುಟ ಮತ್ತು ಒಂಬತ್ತನೇ ಪುಟ.

ನಾಲ್ಕನೇ ಪುಟದ ಮೊದಲ ವಾಕ್ಯ: “ಪುಟ್ಟ ಕೀಟವೊಂದು ಹೂವಿನಿಂದ ಹೂವಿಗೆ ಹಾರುವಂತೆ ಕಲಾವಿದನೂ ಅನುಭವದಿಂದ ಅನುಭವಕ್ಕೆ ಹಾರುತ್ತಾನೆ.”

ಯಾವ ಕೀಟ ಮಾರಾಯ್ರೆ? ನಮ್ಮ ಕಡೆ ಜೇನನ್ನೂ ಬರೀ ಜೇನು ಅಂತ ಯಾರೂ ಬಿಡುವುದಿಲ್ಲ. ತುಡುವೆ, ಹೆಜ್ಜೇನು, ಕೋಲ್ಜೇನು, ಮಿಸ್ರಿ ಅಂತ ಚಿಕ್ಕ ಮಕ್ಕಳೂ ಬೇರೆ ಮಾಡಿ ಹೇಳುತ್ತಾರೆ. ಯಾಕೆಂದರೆ ಒಂದು ಪೊಟರೆಯಲ್ಲಿರುತ್ತದೆ, ಇನ್ನೊಂದು ಎತ್ತರದ ಕೊಂಬೆಯಲ್ಲಿ ತೂಗುತ್ತದೆ, ಒಂದಕ್ಕೆ ಕೈ ಹಾಕಬಹುದು, ಇನ್ನೊಂದನ್ನು ಕಂಡರೆ ಓಡಬೇಕು. ಮರದಲ್ಲಿ ಎಲೆ ಹೊಲಿದು ಗೂಡು ಮಾಡುವ ಇರುವೆ ಚಗಳಿ, ಅದರ ಚಟ್ನಿಯ ಹುಳಿ ನಿಮ್ಮ ನಾಲಿಗೆಗೆ ಗೊತ್ತಿರುತ್ತದೆ. ಇಷ್ಟೆಲ್ಲ ಹೆಸರು ಮನೆಯಲ್ಲೇ ಇಟ್ಟುಕೊಂಡು, ಬರೆಯಲು ಕೂತ ಕೂಡಲೆ ಎಲ್ಲವನ್ನೂ ‘ಕೀಟ’ ಎಂಬ ಒಂದೇ ಚೀಲಕ್ಕೆ ತುಂಬಿಬಿಟ್ಟಿರಿ. ನೀವೇ ಉಲ್ಲೇಖಿಸಿದ ಪಂಪ ಏನು ಮಾಡಿದ ನೋಡಿ. ಬನವಾಸಿಯಲ್ಲಿ ಮನುಷ್ಯನಾಗಿ ಹುಟ್ಟಲು ಆಗದಿದ್ದರೆ ಮರಿದುಂಬಿಯಾಗಿಯಾದರೂ ಹುಟ್ಟಬೇಕು ಅಂದ. ಹತ್ತನೇ ಶತಮಾನದ ಮಾತು ಅದು. ಸುಮ್ನೆ ದುಂಬಿ ಅಂತ ಕೂಡ ಅಲ್ಲ, ಮರಿದುಂಬಿ. ಸೊರಬದ ಗಡಿ ದಾಟಿದರೆ ಬನವಾಸಿ, ಅವನು ಹೇಳಿದ ದುಂಬಿಗೂ ನಿಮ್ಮ ತೊಲೆಯ ದುಂಬಿಗೂ ನಡುವೆ ಒಂದು ದಿನದ ದಾರಿಯೂ ಇಲ್ಲ.

ಜರ್ಮನ್ ಭಾಷೆಯ ಕತೆಗಾರ ಕಾಫ್ಕ ಕೂಡ ತನ್ನ ಹುಳದ ಹೆಸರು ಹೇಳಲಿಲ್ಲವಲ್ಲ ಅಂತ ನೀವು ವಾದ ಮಾಡಬಹುದು. ಅದು ಸರಿ. ಅವನ ‘ಮೆಟಮಾರ್ಫಸಿಸ್’ ಬಂದದ್ದು 1915ರಲ್ಲಿ. ಬೆಳಿಗ್ಗೆ ಏಳುವಾಗ ಹುಳವಾಗಿಬಿಟ್ಟಿದ್ದ ನಾಯಕ ಗ್ರೆಗರ್ ಯಾವ ಹುಳವಾಗಿದ್ದ ಅನ್ನುವುದಕ್ಕೆ ಕತೆಯಲ್ಲಿ ಸ್ಪಷ್ಟ ಹೆಸರಿಲ್ಲ. ನೀವು ‘ಜಿರಲೆ’ ಎಂದು ಬರೆದದ್ದು ನಿಮ್ಮ ಸೇರಿಕೆ. ಮುಖಪುಟದಲ್ಲಿ ಆ ಹುಳದ ಚಿತ್ರ ಬರೆಸಲೇಬೇಡಿ, ದೂರದಿಂದ ಕೂಡ ತೋರಿಸಬೇಡಿ ಎಂದು ಅವನು ಪ್ರಕಾಶಕರಿಗೆ ಪತ್ರ ಬರೆದಿದ್ದ. ಆದರೆ ಕತೆ ತೆಗೆದು ನೋಡಿ. ಗಟ್ಟಿ ಬೆನ್ನು, ಪಟ್ಟೆ ಪಟ್ಟೆಯಾಗಿ ಬಾಗಿದ ಕಂದು ಹೊಟ್ಟೆ, ಹೇಳಿದ ಮಾತು ಕೇಳದೆ ಒದ್ದಾಡುವ ಸಣ್ಣ ಸಣ್ಣ ಕಾಲುಗಳು, ಬೆನ್ನಿಗೆ ನಾಟಿಕೊಂಡ ಸೇಬು, ಎಲ್ಲ ಕಣ್ಣೆದುರಿಗೆ ಇದೆ. ಅವನು ಪೂರ್ತಿ ನೋಡಿ ಹೆಸರೊಂದನ್ನು ಬಚ್ಚಿಟ್ಟ. ನಿಮ್ಮ ‘ಪುಟ್ಟ ಕೀಟ’ದಲ್ಲಿ ಕಾಲಿಲ್ಲ, ಬಣ್ಣವಿಲ್ಲ, ಬಚ್ಚಿಡಲು ಏನೂ ಇಲ್ಲ.

ಎರಡನೇ ವಾಕ್ಯ: “ದುಂಬಿಯು ತನ್ನ ಗೂಡಿಗೆ ಮರಳಿ ಸಾವಿರಾರು ಸಂಗಾತಿಗಳೊಡನೆ ಜೇನು ಕೂಡಿಡುತ್ತದೆ.”

ನಿಮ್ಮ ಅಪ್ಪಯ್ಯನಿಗೆ ಈ ವಾಕ್ಯ ಓದಿ ಹೇಳಿ. ನಗುತ್ತಾರೆ. ತೊಲೆ ಇಳಿಸಿದಾಗ ಸಾವಿರ ದುಂಬಿ ಎದ್ದವಾ? ಜೇನು ಸುರಿಯಿತಾ? ನಮ್ಮ ಕರಿ ದುಂಬಿ ಹೆಚ್ಚಾಗಿ ಒಂಟಿ ಜೀವ. ಹೆಣ್ಣು ದುಂಬಿ ಒಣಮರದಲ್ಲೋ ಬಿದಿರಿನಲ್ಲೋ ಬೆರಳು ಗಾತ್ರದ ದುಂಡನೆ ಬಾಗಿಲು ಕೊರೆಯುತ್ತದೆ, ಒಳಗೆ ಹೋಗಿ ಸುರಂಗ ತೆಗೆಯುತ್ತದೆ. ಹೂವಿನ ಪುಡಿಗೆ ಸಿಹಿ ಕಲಸಿ ಒಂದು ಉಂಡೆ ಮಾಡಿಟ್ಟು, ಮೇಲೆ ಒಂದು ಮೊಟ್ಟೆ ಇಟ್ಟು, ಕೊರೆದ ಮರದ ಪುಡಿಯಿಂದಲೇ ಗೋಡೆ ಕಟ್ಟಿ ಮುಚ್ಚುತ್ತದೆ. ಆಮೇಲೆ ಪಕ್ಕದಲ್ಲಿ ಇನ್ನೊಂದು ಕೋಣೆ, ಇನ್ನೊಂದು ಉಂಡೆ, ಇನ್ನೊಂದು ಮೊಟ್ಟೆ. ತೊಲೆ ಸೀಳಿದಾಗ ಈ ಸಾಲುಮನೆ ನಿಮಗೆ ಕಂಡಿರಲೇಬೇಕು. ಅದನ್ನು ನೋಡಿದ ಕಣ್ಣು ನಿಮ್ಮದು, ಬರೆದದ್ದು ಮಾತ್ರ ಯಾವುದೋ ಪಠ್ಯಪುಸ್ತಕದ ಜೇನುಗೂಡು.

ಮೂರನೆಯದು: “ಝೇಂಕಾರವು ದುಂಬಿಯ ಕಂಠದಿಂದ ಹೊಮ್ಮುವ ಗಾನ. ಇದನ್ನೇ ರಷ್ಯಾದ ರಿಮ್ಸ್ಕಿ ಕೊರ್ಸಕೋವ್ ಸಂಗೀತವಾಗಿಸಿದ.”

ಎರಡು ವಾಕ್ಯ, ಎರಡು ತಪ್ಪು. ದುಂಬಿಗೆ ಕಂಠ ಇಲ್ಲ. ಸದ್ದು ಬರುವುದು ರೆಕ್ಕೆಯಿಂದ, ರೆಕ್ಕೆ ಆಡಿಸುವ ಎದೆಯ ಸ್ನಾಯುಗಳಿಂದ. ಇದನ್ನು ತಿಳಿಯಲು ಪುಸ್ತಕ ಬೇಡ, ಹಿತ್ತಲಿನ ಬದನೆ ಗಿಡ ಸಾಕು. ಹಾರುವಾಗ ಒಂದು ಸದ್ದು ಇರುತ್ತದೆ. ಬದನೆ ಹೂವಿಗೆ ಜೋತುಬಿದ್ದು ಹಿಡಿದುಕೊಂಡ ಮೇಲೆ ರೆಕ್ಕೆ ನಿಂತಿರುತ್ತದೆ, ಸದ್ದು ನಿಲ್ಲುವುದಿಲ್ಲ. ಜೀಂಯ್ ಅಂತ ಸ್ವರ ಇನ್ನೂ ಮೇಲಕ್ಕೆ ಏರುತ್ತದೆ. ಮೈ ನಡುಗಿಸಿ ಹೂವನ್ನು ಅಲ್ಲಾಡಿಸಿ ಪುಡಿ ಉದುರಿಸಿಕೊಳ್ಳುವ ಉಪಾಯ ಅದು. ತುಡುವೆಗೆ ಈ ವಿದ್ಯೆ ಗೊತ್ತಿಲ್ಲ. ಸಂಗೀತದ ಮಾತು ಎತ್ತಿದ ಮೇಲೆ ಈ ಸ್ವರ ಏರುವ ಗಳಿಗೆ ನಿಮ್ಮ ಲೇಖನದಲ್ಲಿ ಇರಬೇಕಿತ್ತಲ್ವಾ?

ಇನ್ನು ರಿಮ್ಸ್ಕಿ ಕೊರ್ಸಕೋವ್. 1900ರಲ್ಲಿ ರಂಗಕ್ಕೆ ಬಂದ ಅವನ ಒಪೆರಾದಲ್ಲಿ ರಾಜಕುಮಾರ ಬಂಬಲ್ ಬೀ ಆಗಿ ಹಾರುವಾಗ ಬರುವ ತುಣುಕು ಅದು. ಬಂಬಲ್ ಬೀ ಚಳಿಸೀಮೆಯ ಹುಳ. ನಮ್ಮ ದೇಶದಲ್ಲಿ ಹಿಮಾಲಯದ ಕಡೆ ಇದೆ, ಮಲೆನಾಡಿನಲ್ಲಿ ಇಲ್ಲ. ಅದು ಮೈತುಂಬ ರೋಮದ ಹುಳ, ಸಣ್ಣ ಸಂಸಾರ ಕಟ್ಟಿಕೊಂಡು ಬದುಕುತ್ತದೆ. ನಮ್ಮದು ಕರಿ ಹೊಳಪಿನ, ಬಿಸಿಲಿಗೆ ರೆಕ್ಕೆ ನೀಲಿ ಮಿಂಚುವ ಮರಕೊರಕ. ನಿಘಂಟಿನಲ್ಲಿ ಎರಡಕ್ಕೂ ‘ದುಂಬಿ’ ಅಂತ ಸಿಕ್ಕಿತು, ನೀವು ಪಂಪನ ಪಕ್ಕದಲ್ಲಿ ರಷ್ಯಾದವನನ್ನು ಕೂರಿಸಿದಿರಿ.

ದುಂಬಿಗೂ ಸಂಗೀತಕ್ಕೂ ನಂಟು ಬೇಕಾದರೆ ಅಷ್ಟು ದೂರ ಹೋಗಬೇಕಾಗಿಲ್ಲ. ಕಾಳಿದಾಸನ ‘ರಘುವಂಶ’ದ 2ನೇ ಸರ್ಗದಲ್ಲಿ ರಾಜ ದಿಲೀಪ ಹಸು ಕಾಯುತ್ತ ಕಾಡಿಗೆ ಹೋಗುತ್ತಾನೆ. ಅಲ್ಲಿ ತೂತು ಬಿದ್ದ ಬಿದಿರಿನಲ್ಲಿ ಗಾಳಿ ಹೊಕ್ಕು ಕೊಳಲಿನ ಹಾಗೆ ನುಡಿಯುತ್ತದೆ. ಬಿದಿರಿಗೆ ತೂತು ಯಾರು ಮಾಡಿದರು? ಕವಿ ಹೇಳುವುದಿಲ್ಲ. ಒಣ ಬಿದಿರು ಕೊರೆಯುವ ದುಂಬಿಯನ್ನು ದಿನಾ ನೋಡುವ ನೀವು ಹೇಳಬಹುದಿತ್ತು. ಹಸು, ಕೊಟ್ಟಿಗೆ, ದುಂಬಿ, ಕೊಳಲು, ಎಲ್ಲ ನಿಮ್ಮ ಅಂಗಳದಲ್ಲೇ ಒಟ್ಟಿಗೆ ಇತ್ತು. ಅದಕ್ಕೇ ನನಗೆ ಅಷ್ಟು ಸಂಕಟವಾದದ್ದು.

ಈ ಸಂಕಟ ನನಗೆ ಹಳೆಯದು. 1986ರಲ್ಲಿ ಶಿವಮೊಗ್ಗದ ಒಂದು ಸಣ್ಣ ಪತ್ರಿಕೆಗೆ ಪ್ರೂಫ್ ನೋಡಲು ಸೇರಿದೆ. ಆಗ ಅಲ್ಲಿ ಇನ್ನೂ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಮುಂಗಾರು ಹತ್ತಿರ ಬಂದರೆ ರೆಕ್ಕೆ ಬಂದ ಒರಲೆಗಳು ಬಲ್ಬಿನ ಸುತ್ತ ಮುತ್ತಿ, ಹಸಿ ಮಸಿಯ ಮೇಲೆ ಬಿದ್ದು ಅಂಟಿಕೊಳ್ಳುತ್ತಿದ್ದವು. ಪ್ರೂಫಿನ ಹಾಳೆಯಲ್ಲಿ ಕೊಂಬು ಯಾವುದು, ರೆಕ್ಕೆ ಯಾವುದು ಅಂತ ಊದಿ ನೋಡಬೇಕಿತ್ತು. ಅಲ್ಲಿನ ಹಿರಿಯರಿಗೆ ನಾನೊಂದು ಬರಹ ಕೊಟ್ಟೆ. ಅದರಲ್ಲಿ “ಮಿಣುಕು ಹುಳದಂತೆ ಮಿನುಗುವ ಆಸೆ” ಎಂಬ ಮಾತಿತ್ತು, ನನಗೆ ಅದು ಬಹಳ ಇಷ್ಟ. ಅವರು ಕನ್ನಡಕ ಹಣೆಗೇರಿಸಿ ಕೇಳಿದರು: “ನಿನ್ನ ಮಿಣುಕು ಹುಳ ಕೂತಿತ್ತೋ, ಹಾರುತ್ತಿತ್ತೋ?”

ನನಗೆ ಉತ್ತರ ಗೊತ್ತಿರಲಿಲ್ಲ. ಆಗುಂಬೆ ಮಳೆಯಲ್ಲಿ ಬೆಳೆದ ಹುಡುಗ ನಾನು, ಸಾವಿರ ರಾತ್ರಿ ಮಿಣುಕು ಹುಳ ಕಂಡವನು. ಅವರು ಎರಡು ದಿನ ರಜೆ ಕೊಟ್ಟು ಊರಿಗೆ ಕಳಿಸಿದರು. ಮೇ ಕೊನೆ, ಮಳೆ ಇನ್ನೂ ಹಿಡಿದಿರಲಿಲ್ಲ. ರಾತ್ರಿ ಗದ್ದೆ ಅಂಚಿನಲ್ಲಿ ಕಂಬಳಿ ಹೊದ್ದು ಕೂತೆ. ಮೊದಲ ಅರ್ಧ ಗಂಟೆ ಬರೀ ಚುಕ್ಕೆ ಚುಕ್ಕೆ. ಆಮೇಲೆ ಮೇಲೆ ಹಾರುವವು ಬೇರೆ, ಕೆಳಗೆ ಹುಲ್ಲಿನಲ್ಲಿ ಕೂತು ಬೆಳಕು ಬಿಡುವವು ಬೇರೆ ಅಂತ ಗೊತ್ತಾಯಿತು. ಬೇಲಿಯ ಹತ್ತಿರ ಒಂದು ಮಾತ್ರ ಅಲುಗಾಡದೆ ಒಂದೇ ಜಾಗದಲ್ಲಿ ಮಿಂಚುತ್ತಿತ್ತು. ಬ್ಯಾಟರಿ ಬಿಟ್ಟು ನೋಡಿದರೆ ಜೇಡನ ಬಲೆ. ಜೇಡ ಅದನ್ನು ನೂಲಿನಿಂದ ಸುತ್ತುತ್ತಾ ಇತ್ತು, ಅದು ಮಿಂಚುತ್ತಲೇ ಇತ್ತು.

ವಾಪಸ್ ಹೋಗಿ ನಾಲ್ಕು ಪುಟ ಬರೆದೆ. ಹಿರಿಯರು ಜೇಡನ ಬಲೆಯ ಮೂರು ಸಾಲು ಉಳಿಸಿ ಮಿಕ್ಕದ್ದಕ್ಕೆ ಗೀಟು ಹೊಡೆದರು. ಪುಟದ ಕೆಳಗೆ ಜಾಗ ಉಳಿದಿದ್ದಲ್ಲಿ ಅದನ್ನು ಹಾಕಿದರು, ನನ್ನ ಹೆಸರಿಲ್ಲದೆ. ಆ ಹಾಳೆ ಇವತ್ತಿಗೂ ನನ್ನ ಹತ್ತಿರ ಇದೆ.

ಇನ್ನು ನಿಮ್ಮ ಒಂಬತ್ತನೇ ಪುಟ. “ಅಕ್ಕಮಹಾದೇವಿಯ ರೇಷ್ಮೆ ಹುಳದಂತೆ ಕಲಾವಿದನು ತನ್ನ ಗೂಡು ಸೀಳಿ, ಬಣ್ಣದ ರೆಕ್ಕೆ ಬಿಚ್ಚಿ, ಆಕಾಶಕ್ಕೆ ಹಾರುತ್ತಾನೆ.”

ಇದನ್ನು ಓದಿ ಕುರ್ಚಿಯಿಂದ ಎದ್ದುಬಿಟ್ಟೆ. ಅಕ್ಕ ನಮ್ಮ ಶಿಕಾರಿಪುರ ತಾಲ್ಲೂಕಿನ ಉಡುತಡಿಯವಳು. ಅವಳ ವಚನದ ತೆರಣಿಯ ಹುಳು ಹಾರುವುದಿಲ್ಲ ಮಿತ್ರರೆ, ಅದು ಸಾಯುತ್ತದೆ. “ತನ್ನ ನೂಲು ತನ್ನನೆ ಸುತ್ತಿ ಸಾವ ತೆರನಂತೆ” ಅನ್ನುತ್ತಾಳೆ. ಮನಸ್ಸು ಬಯಸಿದ್ದನ್ನೆಲ್ಲ ಬಯಸಿ ಬೇಯುತ್ತಿದ್ದೇನೆ, ಇದರಿಂದ ಬಿಡಿಸು ಅಂತ ಚೆನ್ನಮಲ್ಲಿಕಾರ್ಜುನನನ್ನು ಕೇಳುವ ವಚನ ಅದು. ನೀವು ಅದನ್ನು ತಲೆಕೆಳಗು ಮಾಡಿ ಶುಭಾಶಯ ಪತ್ರ ಮಾಡಿದ್ದೀರಿ.

ಹುಳದ ಲೆಕ್ಕದಲ್ಲೂ ನಿಮ್ಮ ವಾಕ್ಯ ನಿಲ್ಲುವುದಿಲ್ಲ. ಒಮ್ಮೆ ಶಿಡ್ಲಘಟ್ಟದ ಕಡೆ ಸ್ನೇಹಿತರ ಮನೆಯಲ್ಲಿ ಹಣ್ಣಾದ ಹುಳಗಳನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗೆ, ಬಿಡುವುದನ್ನು ನೋಡಿದ್ದೇನೆ. ಹುಳ ತಲೆಯನ್ನು ಆ ಕಡೆ ಈ ಕಡೆ ತೂಗುತ್ತಾ ನೂಲು ಬಿಡುತ್ತದೆ. ಮೊದಲು ಗೂಡು ತೆಳ್ಳಗೆ, ಒಳಗೆ ಹುಳ ಕಾಣುತ್ತಿರುತ್ತದೆ. ಮರುದಿನ ನೋಡಿದರೆ ಕಾಣುವುದಿಲ್ಲ. ಒಂದು ಗೂಡಿನ ನೂಲು ಒಂದೇ ಎಳೆ, ಬಿಚ್ಚಿದರೆ ಒಂದು ಕಿಲೋಮೀಟರ್‌ವರೆಗೂ ಹೋಗಬಹುದು. ಪತಂಗ ತೂತು ಮಾಡಿಕೊಂಡು ಹೊರಗೆ ಬಂದರೆ ಎಳೆ ಕೆಡುತ್ತದೆ, ಅದಕ್ಕೇ ಅದು ಬರುವ ಮೊದಲೇ ಗೂಡನ್ನು ಬಿಸಿಗೆ ಹಿಡಿಯುತ್ತಾರೆ, ಬಿಸಿನೀರಿಗೆ ಹಾಕಿ ನೂಲು ತೆಗೆಯುತ್ತಾರೆ. ಬೇಯುತ್ತಿದ್ದೇನೆ ಅಂತ ಅಕ್ಕ ಅಂದದ್ದನ್ನು ಆ ಬಿಸಿನೀರಿನ ಬಾಣಲೆಯ ಮುಂದೆ ನಿಂತು ನೆನಪು ಮಾಡಿಕೊಂಡೆ, ಕಣ್ಣು ಒದ್ದೆಯಾಯಿತು. ಇನ್ನು ಮೊಟ್ಟೆಗೆಂದು ಉಳಿಸಿದ ಗೂಡಿನಿಂದ ಬರುವ ಪತಂಗಕ್ಕೂ ನೀವು ಹೇಳಿದ ಬಣ್ಣದ ರೆಕ್ಕೆ ಇಲ್ಲ. ಮಾಸಲು ಬಿಳಿ, ದಪ್ಪ ಹೊಟ್ಟೆ. ಸಾವಿರಾರು ವರ್ಷ ಮನುಷ್ಯರ ಕೈಯಲ್ಲಿ ಬೆಳೆದು ಹಾರುವ ಶಕ್ತಿಯೇ ಹೋಗಿದೆ. ಏನೂ ತಿನ್ನುವುದಿಲ್ಲ. ಜೋಡಿಯಾಗಿ, ಮೊಟ್ಟೆ ಇಟ್ಟು, ಕೆಲವೇ ದಿನದಲ್ಲಿ ಸಾಯುತ್ತದೆ.

ನಿಮ್ಮದೇ ಹತ್ತನೇ ಪುಟದಲ್ಲಿ ಚಿತ್ರಗಾರ್ತಿ ಮರಿಯಾ ಸಿಬಿಲಾ ಮೇರಿಯಾನ್ ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗುತ್ತದೆ, 1705ರಲ್ಲಿ ದಕ್ಷಿಣ ಅಮೆರಿಕದ ಸುರಿನಾಮಿನ ಹುಳಗಳ ಚಿತ್ರಪುಸ್ತಕ ತಂದವಳು ಅಂತ. ಅವಳು ಶುರು ಮಾಡಿದ್ದೇ ರೇಷ್ಮೆ ಹುಳದಿಂದ, ಹದಿಮೂರನೇ ವಯಸ್ಸಿನಲ್ಲಿ. ಹುಳಗಳನ್ನು ಮನೆಯಲ್ಲಿ ಸಾಕಿ, ಯಾವುದು ಯಾವ ಎಲೆ ತಿನ್ನುತ್ತದೆ ಅಂತ ನೋಡಿ, ಆ ಎಲೆಯ ಮೇಲೇ ಅದನ್ನು ಕೂರಿಸಿ ಬಿಡಿಸಿದಳು. 1699ರಲ್ಲಿ, ಐವತ್ತು ದಾಟಿದ ಮೇಲೆ, ಮಗಳನ್ನು ಕರೆದುಕೊಂಡು ಹಡಗು ಹತ್ತಿದಳು. ನಿಮಗೆ ಹಡಗು ಬೇಡ, ಜಗಲಿ ಇಳಿದರೆ ಕೊಟ್ಟಿಗೆ.

ಲೇಖನ ವಾಪಸ್ ಕಳಿಸುತ್ತಿದ್ದೇನೆ, ಪೆನ್ಸಿಲ್ ಗುರುತು ಎಲ್ಲ ಹಾಗೇ ಇದೆ. ‘ಈಗ’ದ ಪ್ಯಾರಾ ಇರಲಿ. ಒಂಬತ್ತನೇ ಪುಟವನ್ನು ಅಕ್ಕನ ವಚನ ಪೂರ್ತಿ ಓದಿ ಹೊಸದಾಗಿ ಬರೆಯಿರಿ. ನಾಲ್ಕನೇ ಪುಟ ಹರಿದುಹಾಕಿ, ಆ ಜಾಗಕ್ಕೆ ತೊಲೆ ಇಳಿಸಿದ ದಿನವನ್ನು ಬರೆಯಿರಿ. ತೂತು ಯಾವ ಮಗ್ಗುಲಿಗೆ ಇತ್ತು, ಸೀಳಿದಾಗ ಎಷ್ಟು ಕೋಣೆ ಕಂಡವು, ಒಳಗೆ ಮರಿ ಇದ್ದವಾ, ಅಪ್ಪಯ್ಯ ಏನಂದರು, ಆ ತೊಲೆ ಈಗ ಎಲ್ಲಿದೆ, ಇವೆಲ್ಲ ಬೇಕು. ಒಲೆಗೆ ಇನ್ನೂ ಹಾಕಿಲ್ಲದಿದ್ದರೆ ದಯವಿಟ್ಟು ಹಾಕಬೇಡಿ. ಮುಂದಿನ ತಿಂಗಳು ತೀರ್ಥಹಳ್ಳಿಗೆ ಬರುವುದಿದೆ, ನಾನೂ ಅದನ್ನು ನೋಡಬೇಕು.