ಎಸ್‌ಕ್ಯೂಎಲ್‌ನಲ್ಲಿ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ) ರೈತರ ಟೇಬಲ್ಲಿಗೆ ಮಾರಾಟದ ಟೇಬಲ್ ಜೋಡಿಸಲು ಲೆಫ್ಟ್ ಜಾಯಿನ್ ಹಾಕಿದರೂ 2024ರಲ್ಲಿ ಏನೂ ಮಾರದ ರೈತರ ಹೆಸರು ಏಕೆ ಬರುತ್ತಿಲ್ಲ?

ವರ್ಷದ ಶರತ್ತನ್ನು ನೀವು ವೇರ್‌ನಲ್ಲಿ, ಅಂದರೆ ಸಾಲುಗಳನ್ನು ಸೋಸುವ ಭಾಗದಲ್ಲಿ, ಬರೆದಿದ್ದೀರಿ. ಅದನ್ನು ಆನ್‌ಗೆ, ಅಂದರೆ ಯಾವ ಸಾಲಿಗೆ ಯಾವ ಸಾಲು ಜೋಡಿಯೆಂದು ಹೇಳುವ ಭಾಗಕ್ಕೆ, ಸರಿಸಿ, ಎಲ್ಲರ ಹೆಸರೂ ಬರುತ್ತದೆ.

ದಾವಣಗೆರೆ ಮಾರುಕಟ್ಟೆಗೆ ಮೆಕ್ಕೆಜೋಳ ತರುವ ರೈತರದ್ದೊಂದು ಟೇಬಲ್, ಮಾರಾಟದ್ದೊಂದು ಟೇಬಲ್ ನಿಮ್ಮಲ್ಲಿದೆ. ಲೆಫ್ಟ್ ಜಾಯಿನ್ ಮೊದಲು ಆನ್ ಶರತ್ತಿನಂತೆ ಪ್ರತಿ ರೈತನಿಗೂ ಮಾರಾಟದ ಸಾಲು ಹುಡುಕುತ್ತದೆ. ಸಿಗದಿದ್ದರೂ ರೈತನನ್ನು ಕೈಬಿಡುವುದಿಲ್ಲ. ಮಾರಾಟದ ಕಾಲಂಗಳಲ್ಲಿ ನಲ್, ಅಂದರೆ ಮೌಲ್ಯವೇ ಇಲ್ಲ ಎಂಬ ಗುರುತು, ಹಾಕಿ ಉಳಿಸಿಕೊಳ್ಳುತ್ತದೆ. ವೇರ್ ಕೆಲಸ ಶುರುವಾಗುವುದು ಇದೆಲ್ಲ ಮುಗಿದ ಮೇಲೆ. ‘ವರ್ಷ = 2024’ ಎಂದು ಅಲ್ಲಿ ಕೇಳಿದರೆ ನಲ್ ಇರುವ ಸಾಲಿಗೆ ಉತ್ತರ ಹೌದೂ ಅಲ್ಲ, ಇಲ್ಲವೂ ಅಲ್ಲ. ‘ಹೌದು’ ಬಂದ ಸಾಲನ್ನಷ್ಟೇ ವೇರ್ ಒಳಗೆ ಬಿಡುವುದರಿಂದ, ಕಷ್ಟಪಟ್ಟು ಉಳಿಸಿಕೊಂಡವರೇ ಹೊರಗೆ ಬೀಳುತ್ತಾರೆ. ಕೊನೆಗೆ ಸಿಗುವುದು, ಜೋಡಿ ಸಿಕ್ಕ ಸಾಲುಗಳನ್ನಷ್ಟೇ ಕೊಡುವ ಇನ್ನರ್ ಜಾಯಿನ್‌ನ ಫಲಿತಾಂಶವೇ.

ಆದರೆ ‘ತಾಲ್ಲೂಕು = ಹರಿಹರ’ದಂಥ ಶರತ್ತು ರೈತರ ಟೇಬಲ್ಲಿನದು, ಅದು ವೇರ್‌ನಲ್ಲೇ ಇರಲಿ. ಆನ್‌ಗೆ ಹಾಕಿದರೆ ಬೇರೆ ತಾಲ್ಲೂಕಿನವರೂ ಪಟ್ಟಿಗೆ ಬರುತ್ತಾರೆ.

ಮಾರಾಟ ಎಣಿಸುವಾಗಲೂ ದಯವಿಟ್ಟು ಗಮನಿಸಿ: ಕೌಂಟ್ ಸ್ಟಾರ್, ಅಂದರೆ COUNT(*), ಸಾಲುಗಳನ್ನೇ ಎಣಿಸುತ್ತದೆ; ಅದನ್ನು ಬಳಸಿದರೆ ಏನೂ ಮಾರದವರಿಗೂ 1 ಬರುತ್ತದೆ. ಮಾರಾಟದ ಐಡಿ ಕಾಲಂ ಎಣಿಸಿದರೆ ನಲ್ ಲೆಕ್ಕಕ್ಕೆ ಬಾರದೆ ಸರಿಯಾಗಿ 0 ಬರುತ್ತದೆ.