ಅಪಘಾತದಲ್ಲಿ ನನ್ನದೂ ಸ್ವಲ್ಪ ತಪ್ಪಿದ್ದರೆ ಪರಿಹಾರ ಸಿಗುತ್ತದೆಯೇ?

ಭಾರತದಲ್ಲಿ ಸಿಗುತ್ತದೆ, ನಿಮ್ಮ ತಪ್ಪಿನ ಪಾಲಿನಷ್ಟು ಕಡಿತವಾಗಿ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಒಟ್ಟು ನಷ್ಟವನ್ನು ಲೆಕ್ಕ ಹಾಕಿ, ಯಾರದೆಷ್ಟು ತಪ್ಪು ಎಂದು ಶೇಕಡಾವಾರು ನಿಗದಿ ಮಾಡುತ್ತದೆ. ನಷ್ಟ 10 ಲಕ್ಷ, ನಿಮ್ಮ ತಪ್ಪು ಶೇ. 30 ಎಂದಾದರೆ ಬರುವುದು 7 ಲಕ್ಷ.

ಈ ಪಾಲನ್ನು ಬಹುಪಾಲು ತೀರ್ಮಾನಿಸುವುದು ಪೊಲೀಸರ ಸ್ಥಳ ಮಹಜರು ಮತ್ತು ನಕ್ಷೆ: ರಸ್ತೆ ಎಷ್ಟು ಅಗಲ, ಬ್ರೇಕಿನ ಗುರುತು ಯಾವ ಬದಿಯಲ್ಲಿದೆ, ಗಾಜಿನ ಚೂರುಗಳು ಅಂಚಿನಿಂದ ಎಷ್ಟು ಅಡಿ ಒಳಗೆ ಬಿದ್ದಿವೆ. ನಕ್ಷೆಯಲ್ಲಿ ವಾಹನವನ್ನು ನಡುರಸ್ತೆಗೆ ಸರಿಸಿ ಬರೆದಿದ್ದರೆ ತಪ್ಪು ನಿಮ್ಮ ತಲೆಗೇ ಬರಬಹುದು. ದಯವಿಟ್ಟು ಅದರ ಪ್ರತಿ ಬೇಗ ಪಡೆದು ಓದಿ. ವ್ಯತ್ಯಾಸವಿದ್ದರೆ ಅಂದಿನ ಫೋಟೊ, ಕಣ್ಣಾರೆ ಕಂಡವರ ಸಾಕ್ಷಿ ಬೇಕಾಗುತ್ತದೆ.

ಲೈಸೆನ್ಸ್ ಇರಲಿಲ್ಲ, ಬೈಕಿನಲ್ಲಿ ಮೂವರಿದ್ದರು ಎಂಬ ಕಾರಣವೊಂದೇ ಕಡಿತಕ್ಕೆ ಸಾಲದು. ಆ ಲೋಪದಿಂದಲೇ ಅಪಘಾತವಾಯಿತು ಅಥವಾ ಗಾಯ ಹೆಚ್ಚಾಯಿತು ಎಂದು ಸಾಬೀತಾಗಬೇಕು. ವಿಮಾ ಕಂಪನಿಯವರು ಹೀಗೆ ಹೇಳಿ ಕಡಿಮೆ ಮೊತ್ತಕ್ಕೆ ಒಪ್ಪಿಸಲು ಬಂದರೆ ಅವಸರಪಡಬೇಡಿ.

ಎರಡು ವಾಹನಗಳ ಚಾಲಕರದೂ ತಪ್ಪಿದ್ದು, ನೀವು ಬರೀ ಪ್ರಯಾಣಿಕರಾಗಿದ್ದರೆ ಕಡಿತವೇ ಇಲ್ಲ. ಪೂರ್ತಿ ಮೊತ್ತವನ್ನು ಯಾವುದಾದರೂ ಒಂದು ವಾಹನದ ಕಡೆಯಿಂದಲೇ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಸ್ಪಷ್ಟಪಡಿಸಿದೆ.