ಬ್ಯಾರಲ್ ಹಲ್ಲು ಮುರಿದರೆ ಬ್ಯಾಟರಿ ಮೆಷಿನ್ನೇ ಗತಿಯಾ?

ಪ್ರಶ್ನೆ: ಬಸವನಗುಡಿಯ ನಮ್ಮ ಮನೆಯಲ್ಲಿ ತಾತನ ಕಾಲದ ಜಂಗನ್ಸ್ ಗೋಡೆ ಗಡಿಯಾರ ಇದೆ. ಹೋದ ತಿಂಗಳು ಕೀ ಕೊಡುವಾಗ ಒಳಗೆ ‘ಢಬ್’ ಅಂತ ಸದ್ದಾಯಿತು. ಆಮೇಲೆ ಕೀ ಸುಮ್ನೆ ತಿರುಗುತ್ತಿದೆ. ಬಲಗಡೆ ಸ್ಪ್ರಿಂಗ್ ತುಂಡಾಗಿದೆ, ಬ್ಯಾರಲ್‌ನ ಮೂರು ಹಲ್ಲು ಹೋಗಿವೆ, ಬ್ಯಾಟರಿ ಮೆಷಿನ್ ಹಾಕಿಸಿ ಎಂದರು ರಿಪೇರಿಯವರು. ಬೇರೆ ದಾರಿ ಇಲ್ವಾ?

ಉತ್ತರ: ಇದೆ. ಮೂರು ಹಲ್ಲು ಬಿದ್ದಿದ್ದಕ್ಕೆ ಯಾರೂ ತಲೆ ಬದಲಾಯಿಸುವುದಿಲ್ಲ, ಅಲ್ವಾ?

ಬ್ಯಾರಲ್ ಅಂದರೆ ಸ್ಪ್ರಿಂಗ್ ಸುತ್ತಿಟ್ಟ ಹಿತ್ತಾಳೆ ಡಬ್ಬಿ. ಅದರ ಅಂಚಿನ ಹಲ್ಲುಗಳೇ ಮುಂದಿನ ಚಕ್ರವನ್ನು ತಳ್ಳುತ್ತವೆ. ಸ್ಪ್ರಿಂಗ್ ತುಂಡಾದಾಗ ಡಬ್ಬಿ ಒಮ್ಮೆಲೇ ಹಿಂದಕ್ಕೆ ಒದೆಯುತ್ತದೆ. ಆ ಏಟಿಗೆ ಹಲ್ಲು ಹಾರುತ್ತವೆ. ಏಟು ಅಲ್ಲಿಗೇ ನಿಲ್ಲುವುದಿಲ್ಲ. ಮುಂದಿನ ಚಕ್ರದ ಪಿನಿಯನ್ (ಬ್ಯಾರಲ್ ಹಲ್ಲಿಗೆ ಕಚ್ಚಿಕೊಳ್ಳುವ ಪುಟ್ಟ ಹಲ್ಲುಚಕ್ರ) ಮತ್ತು ಆ ಚಕ್ರದ ಅಚ್ಚಿನ ತುದಿ ಬಾಗಿದೆಯಾ ಅಂತ ಭೂತಗನ್ನಡಿ ಹಿಡಿದು ನೋಡಿಸಿ. ಇದನ್ನು ಬಿಟ್ಟು ಬರೀ ಬ್ಯಾರಲ್ ಸರಿ ಮಾಡಿದರೆ ಹೊಸ ಹಲ್ಲೂ ಉಳಿಯುವುದಿಲ್ಲ.

ಹಲ್ಲು ಕಟ್ಟುವ ಕೆಲಸ ಹೀಗಿರುತ್ತದೆ. ಮೊದಲು ಸ್ಪ್ರಿಂಗ್ ಹೊರಗೆ ತೆಗೆಯಬೇಕು. ಮುರಿದ ಜಾಗದಲ್ಲಿ ಒಳಗೆ ಅಗಲ, ಹೊರಗೆ ಕಿರಿದಾಗುವ ಹಾಗೆ ಕಚ್ಚು ಕೊರೆದು, ಅದೇ ಆಕಾರದ ಹಿತ್ತಾಳೆ ತುಂಡನ್ನು ಬಿಗಿಯಾಗಿ ಕೂರಿಸುತ್ತಾರೆ. ಮೇಲೆ ತವರದ ಬೆಸುಗೆ. ಆಮೇಲೆ ಪಕ್ಕದ ಹಲ್ಲು ನೋಡಿಕೊಂಡು ಸಣ್ಣ ಅರದಿಂದ ಹೊಸ ಹಲ್ಲು ಕಡೆಯುತ್ತಾರೆ. ಬೆಳ್ಳಿ ಬೆಸುಗೆ ಗಟ್ಟಿ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ತವರದ ಬೆಸುಗೆ 200 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ, ಬೆಳ್ಳಿಯದಕ್ಕೆ 600 ದಾಟಬೇಕು. ಆ ಕಾವಿಗೆ ಹಿತ್ತಾಳೆ ಮೆತ್ತಗಾಗಿ, ಉಳಿದ ಒಳ್ಳೇ ಹಲ್ಲುಗಳೂ ಬಾಗುತ್ತವೆ.

ಡಬ್ಬಿಯ ಗೋಡೆ ಉಬ್ಬಿ ಮುಚ್ಚಳ ಕೂರದಿದ್ದರೆ, ಅಥವಾ ಗೋಡೆ ಸೀಳಿದ್ದರೆ, ಆಗ ಬ್ಯಾರಲ್ ಬದಲಿಸುವುದು ಸರಿ. ಭಾನುವಾರ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ಹಳೇ ಮೆಷಿನ್ ಹುಡುಕಿ ನೋಡಿ. ಕಣ್ಣಳತೆ ಸಾಲದು. ಹಲ್ಲು ಎಣಿಸಿ, ವ್ಯಾಸ, ಎತ್ತರ, ನಡುವಿನ ತೂತು ಎಲ್ಲ ಅಳೆಯಿರಿ. ಒಂದೇ ಒಂದು ಹಲ್ಲು ಹೆಚ್ಚುಕಡಿಮೆಯಾದರೂ ಅದು ನಿಮ್ಮದಕ್ಕೆ ಆಗುವುದಿಲ್ಲ. ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಹೊಸದೇ ಕಡೆಸಬಹುದು. ಆದರೆ ಗಡಿಯಾರದ ಹಲ್ಲಿನ ಆಕಾರವೇ ಬೇರೆ, ಸಾಮಾನ್ಯ ಗೇರ್ ಕಟರ್ ನಡೆಯದು. ಹಳೇ ಬ್ಯಾರಲ್ ಜೊತೆ ಪಿನಿಯನ್ ಇರುವ ಚಕ್ರವನ್ನೂ ಒಯ್ದು ತೋರಿಸಿ.

ಇನ್ನು ಹೊಸ ಸ್ಪ್ರಿಂಗ್. ‘ಸ್ವಲ್ಪ ದಪ್ಪಂದು ಹಾಕಿದ್ರೆ ಚೆನ್ನಾಗಿ ಓಡುತ್ತೆ’ ಅನ್ನುವವರ ಮಾತು ಕೇಳಬೇಡಿ. ಮುರಿದ ಎರಡೂ ತುಂಡು ಎಸೆಯದೆ ದಪ್ಪ, ಅಗಲ ಅಳೆದಿಡಿ. ಸುತ್ತಿ ಕೂತ ಸ್ಪ್ರಿಂಗ್ ಡಬ್ಬಿಯ ಖಾಲಿ ಜಾಗದ ಅರ್ಧ ಮಾತ್ರ ತುಂಬಬೇಕು. ಒಳವ್ಯಾಸ 45 ಮಿ.ಮೀ., ಸ್ಪ್ರಿಂಗ್ ಸುತ್ತಿಕೊಳ್ಳುವ ನಡುವಿನ ದಿಂಡಿನ ವ್ಯಾಸ 15 ಮಿ.ಮೀ. ಇದ್ದರೆ, 0.45 ಮಿ.ಮೀ. ದಪ್ಪದ ಸ್ಪ್ರಿಂಗ್ ಸುಮಾರು ಒಂದೂವರೆ ಮೀಟರ್ ಉದ್ದ ಬರುತ್ತದೆ. ಅದನ್ನು ಕೈಯಿಂದ ತುರುಕಿದರೆ ಚಕ್ಕುಲಿಯಂತೆ ತಿರುಚಿಕೊಳ್ಳುತ್ತದೆ. ವೈಂಡರ್ (ಸ್ಪ್ರಿಂಗ್ ಸುತ್ತಿ ಕೂರಿಸುವ ಸಾಧನ) ಇರುವವರಿಗೇ ಕೊಡಿ.

ಸ್ಪ್ರಿಂಗಿನ ಹೊರತುದಿ ಸಿಕ್ಕಿಸುವ ಕೊಕ್ಕೆ ಸಡಿಲವಿದ್ದರೆ ಈಗಲೇ ಹೊಸದು ರಿವಿಟ್ ಹೊಡೆಸಿಬಿಡಿ.

ಒಂದು ಮಾತು ರಿಪೇರಿಯವರನ್ನು ಕೇಳಲೇಬೇಕು. ನಿಮ್ಮ ಗಡಿಯಾರದ ಎಡಗಡೆಯ ಬ್ಯಾರಲ್ ಗಂಟೆ ಹೊಡೆಯುವುದು. ಅದಕ್ಕೆ ಕೊಟ್ಟ ಕೀ ಇನ್ನೂ ಹಾಗೇ ಇರಬಹುದು. ಚಕ್ರಗಳನ್ನು ಹಿಡಿದಿಟ್ಟ ಪ್ಲೇಟು ಬಿಚ್ಚುವ ಮೊದಲು ಅದನ್ನು ನಿಧಾನಕ್ಕೆ ಸಡಿಲಿಸಿದರಾ? ಹೀಗೆ ಒಮ್ಮೆ ಮರೆತ ನನ್ನ ಹೆಬ್ಬೆರಳಿನ ಮೇಲೆ ಗಾಯದ ಗೆರೆ ಇವತ್ತಿಗೂ ಇದೆ.